ಛಲ ಅಳೆಯುವ ಇಶೆನಾಲಿ

ಬಿಷ್ಕೆಕ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಇಶೆನಾಲಿ ಮನಶ್ಶಾಸ್ತ್ರದ ಮೇಷ್ಟರಾಗಿದ್ದ. ಮನುಷ್ಯರ ಛಲವನ್ನು ಅಳೆಯುವುದು ಹೇಗೆ ಎಂಬುದು ಅವನ ಸಂಶೋಧನೆಯ ವಿಷಯ. ಹಿಡಿದ ಕೆಲಸವನ್ನು ಯಾರು ಕೊನೆಮುಟ್ಟಿಸುತ್ತಾರೆ, ಯಾರು ನಡುದಾರಿಯಲ್ಲಿ ಕೈಚೆಲ್ಲುತ್ತಾರೆ ಎಂದು ಪ್ರಶ್ನೆ ಕೇಳಿ, ಒಂದರಿಂದ ಐದರವರೆಗೆ ಅಂಕ ಹಾಕಿಸಿ, ಕೂಡಿ ಕಳೆದು ಹೇಳುವ ಮಾಪನವೊಂದನ್ನು ಅವನು ಕಟ್ಟುತ್ತಿದ್ದ. ಅದರ ಮೇಲೆ ಡಾಕ್ಟರೇಟ್ ಪ್ರಬಂಧ ಬರೆಯಲು ಕೂತಾಗ ಅವನ ತಲೆತುಂಬ ಕಪ್ಪು ಕೂದಲಿತ್ತು. ಅದು ಬೆಳ್ಳಗಾಗಿ, ಬೆಳ್ಳಗಾದದ್ದೂ ಉದುರಿ, ಮಗಳಿಗೆ ಮದುವೆಯಾಗಿ, ಮೊಮ್ಮಗ ಮನೆತುಂಬ ಓಡಾಡುವ ಹೊತ್ತಿಗೂ ಪ್ರಬಂಧ ಮುಗಿದಿರಲಿಲ್ಲ.

ಈ ಸಂಗತಿಯಲ್ಲಿ ನಗುವಂಥದ್ದೇನಾದರೂ ಇದೆ ಎಂದು ಇಶೆನಾಲಿಗೆ ಎಂದೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಅವನ ಹೆಂಡತಿ ಕನೀಮೆತ್‌ಗೆ. ಅವಳು ಊರಾಚೆಯ ದೊಡ್ಡ ಸಂತೆಯಲ್ಲಿ ಪರದೆ ಬಟ್ಟೆ ಮಾರುತ್ತಿದ್ದಳು. ಹಡಗಿನ ಸರಕು ಸಾಗಿಸುವ ಕಬ್ಬಿಣದ ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಕೆಳಗಿನದರಲ್ಲಿ ಅಂಗಡಿ, ಮೇಲಿನದರಲ್ಲಿ ಉಗ್ರಾಣ ಮಾಡಿಕೊಂಡ ಸಂತೆ ಅದು. ಗಿರಾಕಿಗಳು ಯಾರಾದರೂ "ನಿಮ್ಮ ಯಜಮಾನರು ಏನು ಮಾಡ್ತಾರಮ್ಮ?" ಎಂದು ಕೇಳಿದರೆ ಅವಳು ಬಟ್ಟೆ ಅಳೆಯುವ ಕೋಲನ್ನು ಎತ್ತಿ ತೋರಿಸುತ್ತಿದ್ದಳು. "ಇದನ್ನೇ ಮಾಡೋದು. ಆದ್ರೆ ಅವರು ಇನ್ನೂ ಕೋಲನ್ನೇ ಕೆತ್ತುತ್ತಾ ಇದಾರೆ."

ಹಾಗೆಂದು ಇಶೆನಾಲಿಯನ್ನು ಸೋಮಾರಿ ಎನ್ನುವಂತಿರಲಿಲ್ಲ. ಅವನು ಮೊದಲ ಸಲ ಪ್ರಬಂಧ ಶುರುಮಾಡಿದ್ದು ಸೋವಿಯತ್ ಕಾಲದಲ್ಲಿ. ಆಗ ಛಲಕ್ಕೆ ಛಲ ಎಂಬ ಹೆಸರಿರಲಿಲ್ಲ, "ಸಮಾಜವಾದಿ ಕಾರ್ಮಿಕನ ಇಚ್ಛಾಶಕ್ತಿ" ಎಂದಿತ್ತು. ಮಾರ್ಗದರ್ಶಕಿ ವೆರಾ ಅರ್ಕಾದ್ಯೆವ್ನಾ ಎಂಬ ಗಟ್ಟಿಗಿತ್ತಿ. ಇಶೆನಾಲಿ ನಗರದ ಯಂತ್ರಗಳ ಕಾರ್ಖಾನೆಗೆ ಹೋಗಿ ಕಾರ್ಮಿಕರಿಗೆ ಪ್ರಶ್ನೆ ಕೇಳಿ ಬಂದ. ಅದೇ ಜನರನ್ನು ಇನ್ನೊಮ್ಮೆ ಕೇಳಿ, ಉತ್ತರ ಅದೇ ಬರುತ್ತದೆಯೇ ನೋಡಬೇಕು, ಮಾಪನದ ಪದ್ಧತಿಯೇ ಹಾಗೆ. ಎರಡನೆಯ ಸಲ ಹೋಗುವಷ್ಟರಲ್ಲಿ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಿತ್ತು. ದೇಶದ ಹೆಸರು ಬದಲಾಗಿತ್ತು. ಸಮಾಜವಾದಿ ಕಾರ್ಮಿಕ ಎನ್ನುವವನನ್ನು ಹುಡುಕಿದರೂ ಸಿಗುವಂತಿರಲಿಲ್ಲ. ವೆರಾ ಅರ್ಕಾದ್ಯೆವ್ನಾ ಗಂಟುಮೂಟೆ ಕಟ್ಟಿಕೊಂಡು ನೊವೊಸಿಬಿರ್ಸ್ಕ್‌ಗೆ ಹೊರಟು ನಿಂತಳು. ರೈಲುನಿಲ್ದಾಣದಲ್ಲಿ ಅವನ ಕೈ ಹಿಡಿದು, "ಇಶೆನಾಲಿ, ನೀನು ಮಾತ್ರ ಇದನ್ನ ಬಿಡಬೇಡಪ್ಪ," ಎಂದಳು. ಅವನು ಬಿಡಲಿಲ್ಲ. ಮುಗಿಸು ಎಂದು ಅವಳು ಹೇಳಿರಲಿಲ್ಲ.

ಆಮೇಲೆ ಬಂದದ್ದು ಸಂತೆಯ ಕಾಲ. ವಿಶ್ವವಿದ್ಯಾಲಯದ ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕನೀಮೆತ್ ಶಾಲೆಯ ಕೆಲಸ ಬಿಟ್ಟು ಪರದೆ ಅಂಗಡಿ ಹಾಕಿದಳು. ರಜೆಯ ದಿನ ಇಶೆನಾಲಿ ಅವಳ ಜೊತೆ ಹೋಗಿ ಬಟ್ಟೆಯ ಸುರುಳಿಗಳನ್ನು ಏಣಿ ಹತ್ತಿಸುತ್ತಿದ್ದ. ಅಲ್ಲಿದ್ದವರಲ್ಲಿ ನರ್ಸ್ ಆಗಿದ್ದವಳು ಕಾಲುಚೀಲ ಮಾರುತ್ತಿದ್ದಳು, ಇಂಜಿನಿಯರ್ ಆಗಿದ್ದವನು ಅಂಗಿಯ ಗುಂಡಿ ಮಾರುತ್ತಿದ್ದ. ಇಶೆನಾಲಿಯ ಕಣ್ಣು ಅರಳಿತು. ಬಿದ್ದು ಎದ್ದವರೆಲ್ಲ ಒಂದೇ ಸಾಲಿನಲ್ಲಿ ಸಿಕ್ಕಿದ್ದಾರೆ! ಇಚ್ಛಾಶಕ್ತಿಯನ್ನು ಪಕ್ಕಕ್ಕಿಟ್ಟು, ಪೆಟ್ಟು ತಿಂದ ಮೇಲೆ ಮನುಷ್ಯ ಹೇಗೆ ಚೇತರಿಸಿಕೊಳ್ಳುತ್ತಾನೆ ಎಂಬ ಹೊಸ ಪ್ರಶ್ನಾವಳಿ ಬರೆದ.

ಅದನ್ನು ಮೊದಲು ತೋರಿಸಿದ್ದು ಪಕ್ಕದ ಅಂಗಡಿಯ ಜುಖಾರಾಳಿಗೆ. ಅವಳು ದುಂಗನ್ ಜನಾಂಗದವಳು, ಮೇಜುವಸ್ತ್ರ ಮಾರುತ್ತಿದ್ದಳು. ಕನೀಮೆತ್‌ಳನ್ನು ಅಕ್ಕ ಎಂದೂ ಅವನನ್ನು ಭಾವ ಎಂದೂ ಕರೆಯುತ್ತಿದ್ದಳು.

"'ಕಷ್ಟ ಬಂದರೂ ನಾನು ಬೇಗ ಚೇತರಿಸಿಕೊಳ್ಳುತ್ತೇನೆ.' ಇದು ನಿನಗೆ ಎಷ್ಟು ಒಪ್ಪುತ್ತೆ ಹೇಳು ಜುಖಾರಾ. ಒಂದು ಅಂದ್ರೆ ಏನೂ ಇಲ್ಲ, ಐದು ಅಂದ್ರೆ ಪೂರ್ತಿ."

"ನನ್ನ ಬಾಯಿಂದಾನೇ ನನ್ನ ಹೊಗಳ್ಕೊಳ್ಳಲಾ? ಜನ ಏನಂದಾರು ಭಾವ!"

"ಹಾಗಾದ್ರೆ ಒಂದಾ?"

"ಅಯ್ಯೋ, ಒಂದು ಅಂದ್ರೆ ನಾನೇನು ಕೈಲಾಗದವಳಾ?"

"ಮತ್ತೆ ಎಷ್ಟು ಬರ್ಕೊಳ್ಳಲಿ?"

"ದೇವರಿಗೆ ಗೊತ್ತು ಅಂತ ಬರ್ಕೊಳ್ಳಿ."

ಸಂತೆಯ ಎಲ್ಲರದೂ ಇದೇ ರಾಗ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಲ್ಲರೂ ಮೂರು ಎನ್ನುತ್ತಿದ್ದರು, ಇಲ್ಲವೇ ದೇವರತ್ತ ಕೈ ತೋರಿಸುತ್ತಿದ್ದರು. ಇಶೆನಾಲಿ ವಿಜ್ಞಾನಿಯಂತೆ ಯೋಚಿಸಿ, "ದೇವರಿಗೆ ಗೊತ್ತು" ಎಂಬ ಆರನೆಯ ಉತ್ತರವನ್ನೂ ಅಚ್ಚು ಹಾಕಿಸಿದ. ಆಮೇಲೆ ಯಾರೂ ಬೇರೆ ಯಾವ ಉತ್ತರವನ್ನೂ ಮುಟ್ಟಲಿಲ್ಲ. ಅವರು ಕೊಟ್ಟ ಚಹಾ ಕುಡಿದ ಮೇಲೆ ಕೇಳಿದರೆ ಇನ್ನೊಂದು ಗೋಳು. ಅತಿಥಿಯ ಮಾತಿಗೆ ಇಲ್ಲ ಎನ್ನಬಾರದೆಂದು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದರು. "ನಾನು ಸುಲಭವಾಗಿ ಎದೆಗುಂದುತ್ತೇನೆ" ಎಂಬುದಕ್ಕೂ ಹೌದು, "ನಾನು ಎಂದೂ ಎದೆಗುಂದುವುದಿಲ್ಲ" ಎಂಬುದಕ್ಕೂ ಹೌದು. ಅವನು ಪ್ರಶ್ನೆ ತಿದ್ದಿದ. ತಿದ್ದಿದ್ದನ್ನು ಅಳಿಸಿದ. ಒಂದೊಂದು ಶಬ್ದಕ್ಕೆ ಒಂದೊಂದು ಚಳಿಗಾಲ ಕಳೆಯಿತು.

ಈ ನಡುವೆ ಪ್ರಬಂಧ ಮುಗಿಯುವ ಅವಕಾಶವೊಂದು ತಾನಾಗಿಯೇ ಬಾಗಿಲಿಗೆ ಬಂತು. ನಗರದ ಅಂಚಿನಲ್ಲಿ ಮರ್ಲೆನ್ ಎಂಬವನ ಹೊಲಿಗೆ ಕಾರ್ಖಾನೆಯಿತ್ತು. ಕೆಲಸಗಾರರಿಗೆ ಕೆಲಸದಲ್ಲಿ ಎಷ್ಟು ಮನಸ್ಸಿದೆ ಎಂದು ಅಳೆಯುವುದು ಈಗ ಜಗತ್ತಿನಲ್ಲೆಲ್ಲ ನಡೆಯುತ್ತಿದೆಯೆಂದು ಅವನು ಎಲ್ಲೋ ಕೇಳಿ ಇಶೆನಾಲಿಯನ್ನು ಕರೆಸಿದ. ಇಶೆನಾಲಿ ಉತ್ಸಾಹದಿಂದ ತಲ್ಲೀನತೆಯ ಮಾಪನವನ್ನೂ ಕಟ್ಟಿದ. ಹೆಸರು ಬರೆಯಬೇಕಿಲ್ಲ ಎಂದು ಹೇಳಿದ್ದರಿಂದ ಹೊಲಿಗೆಯ ಹೆಣ್ಣುಮಕ್ಕಳು ಮೊದಲ ಬಾರಿಗೆ ಧಾರಾಳವಾಗಿ ಒಂದು, ಎರಡು ಎಂದು ಗುರುತು ಹಾಕಿದರು. "ಕೆಲಸದ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ" ಎಂಬುದರ ಪಕ್ಕದಲ್ಲಿ ಒಬ್ಬಳು, "ಗೋಡೆ ಗಡಿಯಾರ ತೆಗೆದಿದ್ದಾರೆ, ಹೇಗೆ ಗೊತ್ತಾಗಬೇಕು?" ಎಂದು ಬರೆದಿದ್ದಳು. ಇಶೆನಾಲಿಗೆ ಹಬ್ಬ. ಕೊನೆಗೂ ನಿಜವಾದ ಅಂಕಗಳು!

ಮರ್ಲೆನ್ ಕಾಗದಗಳನ್ನು ತಿರುವಿಹಾಕಿ, "ಈ ಒಂದು ಹಾಕಿದವರು ಯಾರ್ಯಾರು?" ಎಂದ.

"ಹೆಸರು ಬರೆಸ್ಕೊಂಡಿಲ್ಲ."

"ಯಾರು ಎಲ್ಲಿ ಕೂತಿದ್ರು ಅಂತ ನಿಮಗೆ ನೆನಪಿರುತ್ತಲ್ಲ ಮೇಷ್ಟ್ರೇ. ಬೆರಳು ತೋರ್ಸಿ ಸಾಕು. ಮುಂದಿನ ವರ್ಷವೂ ಕೆಲಸ ನಿಮಗೇ."

ಇಶೆನಾಲಿಗೆ ನೆನಪು ಚೆನ್ನಾಗಿಯೇ ಇತ್ತು. ಅವನು ಟೋಪಿ ಹಾಕಿಕೊಂಡು, "ನನಗೆ ಮರೆವು ಜಾಸ್ತಿ. ನಮ್ಮ ಮನೆಯವಳನ್ನ ಬೇಕಾದ್ರೆ ಕೇಳಿ," ಎಂದು ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಬಂದ. ಮತ್ತೆ ಆ ಗೇಟಿನೊಳಗೆ ಅವನನ್ನು ಬಿಡಲಿಲ್ಲ. ಎರಡನೆಯ ಸಲ ಕೇಳದಿದ್ದರೆ ಮೊದಲ ಸಲ ಕೇಳಿದ್ದು ಲೆಕ್ಕಕ್ಕಿಲ್ಲ, ಹೀಗಾಗಿ ತಲ್ಲೀನತೆಯೂ ಅರ್ಧಕ್ಕೆ ನಿಂತಿತು. ಆ ಸಂಜೆ ನಡೆದದ್ದನ್ನು ಕೇಳಿದ ಕನೀಮೆತ್, ಇಬ್ಬರೂ ಉಣ್ಣುವ ತಟ್ಟೆಯಲ್ಲಿ ಮಾಂಸದ ಒಳ್ಳೆಯ ತುಂಡನ್ನು ಅವನ ಕಡೆಗೆ ಸರಿಸಿದಳು. ಅವನು ಅದನ್ನು ಗಮನಿಸದೆ ತಿಂದ.

ಮತ್ತೆ ಸಂತೆ. ಈ ಸಲ ಅವನಿಗೆ ಭಾರೀ ಉಪಾಯವೊಂದು ಹೊಳೆಯಿತು. ತನ್ನ ಬಗ್ಗೆ ಹೇಳಿಕೊಳ್ಳಲು ನಾಚಿಕೆ ತಾನೇ? ಸರಿ, ಪಕ್ಕದ ಅಂಗಡಿಯವರ ಬಗ್ಗೆ ಕೇಳೋಣ. ಅದರಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ಜನ ಅಂಗಡಿ ಬಿಟ್ಟು ಬಂದು ಉತ್ತರ ಕೊಟ್ಟರು, ಪ್ರಶ್ನೆಯಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿದರು. ಅಂಕಗಳು ಒಂದರಿಂದ ಐದರವರೆಗೆ ಚೆಂದವಾಗಿ ಹರಡಿಕೊಂಡವು. ಇಶೆನಾಲಿ ಗುಟ್ಟನ್ನು ಕಾಪಾಡುವುದರಲ್ಲಿ ಕಟ್ಟುನಿಟ್ಟು, ಕಾಗದಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದವು. ಆದರೆ ಕಂಟೇನರ್‌ಗಳ ನಡುವಿನ ಗೋಡೆ ಒಂದು ತಗಡು ಎಂಬುದು ಅವನ ತಲೆಗೆ ಹೋಗಿರಲಿಲ್ಲ. ಕೆಲವು ವಾರ ಬಿಟ್ಟು, ಪದ್ಧತಿಯಂತೆ ಎರಡನೆಯ ಸಲ ಕೇಳುವಾಗ ಅಂಗಡಿಯಲ್ಲಿ ಹೆಂಡತಿಯ ಎದುರು ಕೂತು ಗಟ್ಟಿಯಾಗಿ ಹೇಳಿದ: "ಜುಖಾರಾ ಶುರುಮಾಡಿದ್ದನ್ನ ಮುಗಿಸ್ತಾಳೆ ಅನ್ನೋದಕ್ಕೆ ಹೋದ ಸಲ ನೀನು ಎರಡು ಅಂದಿದ್ದೆ. ಈಗಲೂ ಎರಡೇನಾ?"

ಪಕ್ಕದ ಅಂಗಡಿಯಲ್ಲಿ ಏನೋ ದಡಾರೆಂದು ಬಿತ್ತು. ಜುಖಾರಾ ಬಾಗಿಲಲ್ಲಿ ಬಂದು ನಿಂತಳು.

"ಎರಡಾ? ಅಕ್ಕಾ, ನನಗೆ ಎರಡಾ? ಮಗಳ ಬಾಣಂತನ ಅಂತ ನೀನು ಹೋದಾಗ ನಿನ್ನ ಅಂಗಡಿ ಕಾಯ್ಕೊಂಡು ಕೂತಿದ್ದು ಯಾರು? ಎರಡಂತೆ, ಎರಡು!"

"ಮೊಮ್ಮಗನಿಗೆ ಸ್ವೆಟರ್ ಹೆಣೆದ್ಕೊಡ್ತೀನಿ ಅಂದಿದ್ದೆಯಲ್ಲೇ, ಎಲ್ಲಿ? ಒಂದು ತೋಳು ಆಗೋ ಹೊತ್ತಿಗೆ ಹುಡುಗ ಶಾಲೆಗೆ ಹೊರಟ!"

"ನಿನಗೆ ನಾನೆಷ್ಟು ಕೊಟ್ಟಿದೀನಿ ಗೊತ್ತಾ? 'ಸೋತರೂ ಸಮಾಧಾನದಿಂದ ಇರುತ್ತಾಳೆ' ಅನ್ನೋದಕ್ಕೆ ಒಂದು! ಭಾವ, ತೋರ್ಸಿ ಅವಳಿಗೆ!"

ಭಾವ ಏಣಿ ಹತ್ತಿ ಉಗ್ರಾಣ ಸೇರಿದ್ದ.

ಮಧ್ಯಾಹ್ನದೊಳಗೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ವಿಚಾರಣೆ ನಡೆಯಿತು. ಕಾಲುಚೀಲದವಳು ಗುಂಡಿಯವನಿಗೆ ಚಹಾಕ್ಕೆ ಬಿಸಿನೀರು ಕೊಡುವುದನ್ನು ನಿಲ್ಲಿಸಿದಳು. ಕನೀಮೆತ್ ಮನೆಗೆ ಬಂದು ಕೋಟು ಕಳಚದೆಯೇ ಅಪ್ಪಣೆ ಮಾಡಿದಳು: "ಒಡೆದೋರೇ ಸೇರಿಸ್ಬೇಕು. ಭಾನುವಾರ ಎಲ್ಲರನ್ನೂ ಊಟಕ್ಕೆ ಕರೀರಿ. ಅಡುಗೆಯೂ ನಿಮ್ಮದೇ. ನಾನು ಕೈ ಹಾಕಲ್ಲ."

ಊಟಕ್ಕೆ ಕರೆದರೆ ಬಾರದಿರುವುದು ಮರ್ಯಾದೆಯಲ್ಲ, ಹಾಗಾಗಿ ಎಲ್ಲರೂ ಬಂದರು. ಮುಖ ಆ ಕಡೆ ಈ ಕಡೆ ಮಾಡಿಕೊಂಡು ಕೂತರು. ಇಶೆನಾಲಿ ದೊಡ್ಡ ಕಡಾಯಿಯಲ್ಲಿ ಪಲಾವ್ ಮಾಡಿದ್ದ. ಈರುಳ್ಳಿ ಕರಕಲಾಗಿತ್ತು, ಕ್ಯಾರೆಟ್ ಬೆಂದಿರಲಿಲ್ಲ, ಅನ್ನ ಹಸಿಯೂ ಮುದ್ದೆಯೂ ಆಗಿತ್ತು. ಜುಖಾರಾ ಒಂದು ತುತ್ತು ಬಾಯಿಗಿಟ್ಟು, ಅಗಿದು, ಬೇರೆ ದಾರಿ ಕಾಣದೆ ಕನೀಮೆತ್‌ಳ ಮುಖ ನೋಡಿದಳು.

"ಅಕ್ಕಾ, ಇದೇನು?"

"ಪಲಾವ್ ಅಂತೆ."

"ಅವರೇ ಹೇಳಿದ್ರಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಇಡೀ ಸಾಲು ಒಟ್ಟಾಗಿ ಅವನ ಪಲಾವನ್ನು ಅಂಕ ಕೊಟ್ಟು ಅಳೆಯಿತು. ಮಾತುಕತೆ ಮತ್ತೆ ಶುರುವಾಯಿತು. ಆದರೂ ಕನೀಮೆತ್ ಮತ್ತು ಜುಖಾರಾ ನಡುವೆ ಮೊದಲಿನ ಸಲುಗೆ ಮರಳಲಿಲ್ಲ. ಬೆಳಗಿನ ಚಹಾವನ್ನು ಇಬ್ಬರೂ ತಂತಮ್ಮ ಅಂಗಡಿಯಲ್ಲೇ ಕುಡಿಯತೊಡಗಿದರು. ಇಶೆನಾಲಿಗೆ ಇದು ಕಾಣುತ್ತಿತ್ತು, ಚುಚ್ಚುತ್ತಿತ್ತು. ಸರಿಮಾಡುವ ಬಗೆ ತಿಳಿಯದೆ ಅವನು ಪ್ರಶ್ನೆಗಳನ್ನು ತಿದ್ದುತ್ತ ಕೂತ.

ಚಳಿಗಾಲದ ಕೊನೆಯಲ್ಲಿ ಸಂತೆಯ ಆ ಭಾಗಕ್ಕೆ ಬೆಂಕಿ ಬಿತ್ತು. ಸಂತೆಗೆ ವಾರದ ರಜೆಯಾದ್ದರಿಂದ ಒಳಗೆ ಯಾರೂ ಇರಲಿಲ್ಲ. ಸುದ್ದಿ ತಿಳಿದು ಗಂಡಹೆಂಡಿರು ಅಲ್ಲಿಗೆ ತಲುಪುವಷ್ಟರಲ್ಲಿ ಬೆಂಕಿ ಆರಿಸಿದ ನೀರು ನೆಲದ ಮೇಲೆ ಹೆಪ್ಪುಗಟ್ಟತೊಡಗಿತ್ತು. ಕನೀಮೆತ್‌ಳ ಅಂಗಡಿಯ ಬಾಗಿಲು ತೆರೆದರೆ ಒಳಗೆ ಕಪ್ಪು ಬಿಟ್ಟು ಏನೂ ಇರಲಿಲ್ಲ. ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು. ಮುಖದಲ್ಲಿ ಮಸಿ. ಅತ್ತಿರಲಿಲ್ಲ.

ಇಶೆನಾಲಿಯ ಕೈ ತನ್ನಷ್ಟಕ್ಕೆ ಚೀಲದೊಳಗೆ ಹೋಯಿತು.

"ಏನ್ರೀ," ಎಂದಳು ಕನೀಮೆತ್, ಕತ್ತು ತಿರುಗಿಸದೆ. "ಆ ಕಾಗದ ಹೊರಗೆ ತೆಗೆದ್ರೋ, ನಾನು ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀನಿ ನೋಡಿ."

"ಕಾಗದ ಅಲ್ಲ ಕಣೇ, ಕರವಸ್ತ್ರ," ಎಂದ ಇಶೆನಾಲಿ. ನಿಜವಾಗಿಯೂ ಕರವಸ್ತ್ರವೇ ಆಗಿತ್ತು. ಆದರೆ ಬಕೆಟ್ಟಿನ ಮೇಲೆ ಕೂತವಳನ್ನು ಕಂಡ ಕ್ಷಣದಲ್ಲಿ "ಪೆಟ್ಟಿನ ನಂತರ ಮೊದಲ ದಿನ" ಎಂದು ತನ್ನ ಮನಸ್ಸಿನಲ್ಲಿ ಸುಳಿದದ್ದು ಅವನಿಗೆ ಗೊತ್ತಿತ್ತು, ಮತ್ತು ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕರವಸ್ತ್ರ ಕೈಗೆ ಬಂದ ಮೇಲೆ ಕನೀಮೆತ್ ಅತ್ತಳು.

ಎಲ್ಲರನ್ನೂ ಮಾತಿನಲ್ಲಿ ಕುಟ್ಟುವ ಹೆಂಗಸು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವಳು ವಾರಗಟ್ಟಲೆ ಏಳಲಿಲ್ಲ. ಚೇತರಿಕೆಯ ಬಗ್ಗೆ ಇಶೆನಾಲಿ ಓದಿದ್ದು, ಬರೆದದ್ದು ಒಂದೂ ಕೆಲಸಕ್ಕೆ ಬರಲಿಲ್ಲ. ಅವನು ಚಹಾ ಮಾಡಿ ತಂದಿಡುತ್ತಿದ್ದ, ತಣ್ಣಗಾದದ್ದನ್ನು ಚೆಲ್ಲಿ ಮತ್ತೆ ತರುತ್ತಿದ್ದ. ದಿನಾ ಸಂಜೆ ಜುಖಾರಾ ಒಂದು ಪಾತ್ರೆ ಶಾವಿಗೆ ಸಾರು ಹಿಡಿದು ಬಂದು, ಹಾಸಿಗೆಯ ಅಂಚಿನಲ್ಲಿ ಕೂತು, ಸಂತೆಯ ಸುದ್ದಿಯನ್ನೆಲ್ಲ ಗೋಡೆಗೆ ಹೇಳುವ ಹಾಗೆ ಹೇಳಿ ಹೋಗುತ್ತಿದ್ದಳು. ಅವಳ ಅಂಗಡಿ ಅರ್ಧ ಉಳಿದಿತ್ತು. ಆ ಅರ್ಧದಲ್ಲಿ ಒಂದು ಗೋಡೆಯನ್ನು ಖಾಲಿ ಮಾಡಿ, "ಭಾವ, ಈ ಕಡೆ ಪರದೆ ತೂಗುಹಾಕಿ," ಎಂದಳು. ಇಶೆನಾಲಿ ಅಲ್ಲಿಂದ ಇಲ್ಲಿಂದ ಸರಕು ತಂದು, ಪಾಠ ಮುಗಿದ ಮೇಲೆ ಅಲ್ಲಿ ನಿಂತು ಮಾರತೊಡಗಿದ.

ಮಾರಾಟದಲ್ಲಿ ಅವನು ಪಲಾವಿನಲ್ಲಿದ್ದಷ್ಟೇ ಗಟ್ಟಿಗ. ಗಿರಾಕಿ "ಒಗೆದ್ರೆ ಕುಗ್ಗುತ್ತಾ?" ಎಂದರೆ, "ಕುಗ್ಗುತ್ತೆ. ಬಣ್ಣವೂ ಬಿಡಬಹುದು. ಖಚಿತವಾಗಿ ಹೇಳೋಕೆ ನನ್ನ ಹತ್ರ ಮಾಹಿತಿ ಸಾಲದು," ಎನ್ನುತ್ತಿದ್ದ. ಗಿರಾಕಿಗಳು ಪಕ್ಕಕ್ಕೆ ತಿರುಗಿ ಮೇಜುವಸ್ತ್ರ ಕೊಂಡು ಹೋಗುತ್ತಿದ್ದರು.

ಒಂದು ಸಂಜೆ ಜುಖಾರಾ ಹಾಸಿಗೆಯ ಪಕ್ಕ ಕೂತು ನಿಟ್ಟುಸಿರು ಬಿಟ್ಟಳು. "ಅಕ್ಕಾ, ನೀನು ಮಲಗಿರು, ಪರವಾಗಿಲ್ಲ. ಆದ್ರೆ ಭಾವ ಇನ್ನೊಂದು ವಾರ ಅಲ್ಲಿ ನಿಂತ್ರೆ ಈ ಊರಿನ ಜನ ಎಲ್ಲ ಕಿಟಕಿಗೆ ಪೇಪರ್ ಅಂಟಿಸ್ಕೋತಾರೆ. ಇವತ್ತು ಒಬ್ಬಳಿಗೆ, ನಿಮಗೆ ಪರದೆ ನಿಜವಾಗ್ಲೂ ಬೇಕಾ ಯೋಚ್ನೆ ಮಾಡಿ, ಅಂದ್ರು."

ಹಾಸಿಗೆಯಿಂದ ಬಹಳ ದಿನಗಳ ಮೇಲೆ ಧ್ವನಿ ಬಂತು. "ಏನಂದ್ರು?"

ಮರುದಿನ ಬೆಳಿಗ್ಗೆ ಕನೀಮೆತ್ ತಲೆಗೆ ವಸ್ತ್ರ ಬಿಗಿದುಕೊಂಡು ಬಸ್ಸು ಹತ್ತಿದಳು. ಅರ್ಧ ಅಂಗಡಿಯಲ್ಲಿ ಇಬ್ಬರೂ ಒಂದೇ ಕೆಟಲಿನ ಚಹಾ ಕುಡಿದರು.

ವಸಂತ ಬಂದು ಸಾಲಿನಲ್ಲಿ ಹೊಸ ಕಂಟೇನರ್‌ಗಳು ನಿಲ್ಲುವ ಹೊತ್ತಿಗೆ ಇಶೆನಾಲಿ ಪ್ರಶ್ನಾವಳಿಯ ಮಾತೆತ್ತುವುದನ್ನೇ ಬಿಟ್ಟಿದ್ದ. ಎತ್ತಿದವಳು ಜುಖಾರಾ. "ಏನು ಭಾವ, ಕಾಗದದ ಪೆಟ್ಟಿಗೆ ಸುಟ್ಟುಹೋಯ್ತಾ? ಆಗ ಊರೆಲ್ಲ ಕೇಳ್ಕೊಂಡು ತಿರುಗ್ತಿದ್ರಿ. ಈಗ ಕೇಳ್ರೀ. ಅಕ್ಕನ ಅಂಕ ನಾನು ಬದಲಾಯಿಸ್ಬೇಕು."

ಒಬ್ಬಳು ಬದಲಾಯಿಸಿದರೆ ಉಳಿದವರು ಬಿಡುತ್ತಾರೆಯೇ? ಎಲ್ಲರೂ ಮತ್ತೆ ಉತ್ತರ ಕೊಟ್ಟರು. ಮನೆಗೆ ಬಂದು ಅಂಕ ಕೂಡಿಸಿದ ಇಶೆನಾಲಿ ತಲೆಯ ಮೇಲೆ ಕೈ ಹೊತ್ತು ಕೂತ. ಎಲ್ಲರೂ ಎಲ್ಲರಿಗೂ ಐದು ಕೊಟ್ಟಿದ್ದರು. ಪ್ರತಿ ಪ್ರಶ್ನೆಗೂ ಐದು. ಗುಂಡಿಯವನು ಒಂದೆಡೆ ಆರು ಬರೆದಿದ್ದ. ಹೆಚ್ಚು ಕಡಿಮೆಯೇ ಇಲ್ಲದ ಅಂಕಗಳಿಂದ ಯಾವ ಲೆಕ್ಕವೂ ಹುಟ್ಟುವುದಿಲ್ಲ. ವಿಜ್ಞಾನದ ದೃಷ್ಟಿಯಿಂದ ಅದು ಒಲೆಗೆ ಹಾಕುವ ಕಾಗದ.

"ಹಾಳಾಯ್ತು," ಎಂದ.

"ಏನು ಹಾಳಾಗಿದ್ದು? ಎಲ್ಲ ಐದಲ್ವಾ?"

"ಅದೇ ಹಾಳು."

"ಹಾಗೇ ಬರೀರಿ," ಎಂದಳು ಕನೀಮೆತ್. "ಹಾಳಾಯ್ತು ಅಂತಾನೇ ಬರೆದು ಕೊಡಿ. ನಿಮ್ಮ ಪ್ರಬಂಧಾನ ಇನ್ನೂ ಎಷ್ಟು ವರ್ಷ ನಾನು ಸಾಕ್ಲಿ?"

ಇಶೆನಾಲಿ ಆ ಬೇಸಿಗೆ ಪೂರ್ತಿ ಬರೆದ. ಒಂದು ಶಬ್ದವನ್ನೂ ತಿದ್ದಬೇಕೆನ್ನಿಸದೆ ಇದ್ದದ್ದು ಅವನಿಗೇ ವಿಚಿತ್ರವಾಗಿ ಕಂಡಿತು. ಬೀಗ ಬಿದ್ದ ಕಾರ್ಖಾನೆಯನ್ನು ಬರೆದ, ದೇವರಿಗೆ ಗೊತ್ತು ಎಂಬ ಉತ್ತರವನ್ನು ಬರೆದ, ನೆರೆಯವರ ಬಗ್ಗೆ ಕೇಳಿದಾಗ ಸಿಕ್ಕ ಒಳ್ಳೆಯ ಅಂಕಗಳನ್ನು ಬರೆದ, ಕೊನೆಯ ಅಧ್ಯಾಯದಲ್ಲಿ ಆ ಐದುಗಳನ್ನೂ ಇಟ್ಟ.

ಪ್ರಬಂಧ ಮಂಡನೆಯ ದಿನ ಸಂತೆಯ ಸಾಲು ಅಂಗಡಿ ಮುಚ್ಚಿ ಬಂದು ಸಭಾಂಗಣದ ಹಿಂದಿನ ಬೆಂಚುಗಳಲ್ಲಿ ತುಂಬಿಕೊಂಡಿತು. ಔತಣಕ್ಕೆಂದು ಅವರು ಕರಿದು ತಂದ ಹಿಟ್ಟಿನ ತಿಂಡಿಯ ವಾಸನೆ ವೇದಿಕೆಯವರೆಗೂ ಬಂತು. ಅಲ್ಮಾಟಿಯಿಂದ ಬಂದ ಪರೀಕ್ಷಕಿ ರೌಶನ್ ಕನ್ನಡಕ ಮೇಲೇರಿಸಿದಳು.

"ಕೊನೆಯ ಅಧ್ಯಾಯದಲ್ಲಿ ಎಲ್ಲರೂ ಎಲ್ಲರಿಗೂ ಐದು ಕೊಟ್ಟಿದ್ದಾರೆ. ಇದರಿಂದ ತಮಗೆ ಏನು ತಿಳಿಯಿತು?"

"ಆ ವಸಂತದಲ್ಲಿ ನನ್ನ ಮಾಪನ ಅಲ್ಲಿ ಕೆಲಸ ಮಾಡಲಿಲ್ಲ ಅಂತ ತಿಳೀತು."

"ಅಷ್ಟೇನಾ? ಬೇರೆ ಏನೂ ಇಲ್ವಾ?"

ಇಶೆನಾಲಿ ಯೋಚಿಸಿದ. ದೊಡ್ಡ ಮಾತು ಆಡಲು ಅದು ತಕ್ಕ ಜಾಗವಾಗಿತ್ತು. "ಬೇರೆ ಏನೋ ಇರಬಹುದು. ಅದಕ್ಕೆ ನನ್ನ ಹತ್ರ ಪುರಾವೆ ಇಲ್ಲ."

"ಪುರಾವೆ ಇಲ್ಲೇ ಕೂತಿದೀವಲ್ಲ ಭಾವ!" ಎಂದು ಹಿಂದಿನಿಂದ ಜುಖಾರಾ ಕೂಗಿದಳು. ಅಧ್ಯಕ್ಷರು ಗಾಜಿನ ಲೋಟವನ್ನು ಪೆನ್ನಿನಿಂದ ಕುಟ್ಟಿದರು. ರೌಶನ್ ತಲೆ ತಗ್ಗಿಸಿ ಏನೋ ಬರೆದುಕೊಂಡಳು, ನಕ್ಕದ್ದನ್ನು ಮರೆಮಾಡಲು ಇರಬೇಕು. ಮತ ಹಾಕಿದಾಗ ಕೆಲವರು ವಿರುದ್ಧ ಹಾಕಿದರು, ಹೆಚ್ಚಿನವರು ಪರವಾಗಿ ಹಾಕಿದರು. ಇಶೆನಾಲಿ ಡಾಕ್ಟರ್ ಆದ. ನಿವೃತ್ತಿಗೆ ಆಮೇಲೆ ಹೆಚ್ಚು ದಿನ ಉಳಿದಿರಲಿಲ್ಲ.

ಔತಣ ಮುಗಿಸಿ, ಉಳಿದ ಮಾಂಸ ರೊಟ್ಟಿಗಳನ್ನು ಚೀಲಗಳಲ್ಲಿ ಕಟ್ಟಿಸಿಕೊಂಡು, ಇನ್ನೂ ಬೆಳಕಿರುವಾಗಲೇ ಗಂಡಹೆಂಡಿರು ಬಾಡಿಗೆ ವ್ಯಾನು ಹತ್ತಿದರು. ಹೊಸ ಡಾಕ್ಟರ್ ಕಿಟಕಿಗೆ ತಲೆಯೊರಗಿಸಿ ಬಾಯಿ ತೆರೆದು ನಿದ್ದೆಹೋದ. ಚಾಲಕ ಕನ್ನಡಿಯಲ್ಲಿ ನೋಡಿ, "ಕೊರಳಿನ ಟೈ ಜೋರಾಗಿದೆ. ಯಾರಮ್ಮ ಅವರು?" ಎಂದು ಕೇಳಿದ.

"ವಿಜ್ಞಾನಿ," ಎಂದಳು ಕನೀಮೆತ್. "ಜನರ ಛಲ ಅಳೀತಾರೆ."

"ಹೌದಾ! ಹೇಗೆ ಅಳೀತಾರೆ?"

"ಕೇಳಬೇಡಪ್ಪ. ಎಚ್ಚರ ಆದ್ರೆ ನಿನ್ನನ್ನೂ ಅಳೀತಾರೆ. ಆಮೇಲೆ ನಾವು ಮನೆ ಸೇರೋದು ಯಾವಾಗ?"

ಅವಳು ಅವನ ಮಡಿಲಿನಿಂದ ಜಾರುತ್ತಿದ್ದ ರೊಟ್ಟಿಯ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅವನ ಟೋಪಿಯನ್ನು ಸರಿಮಾಡಿ, ಇಳಿಯುವ ತಿರುವು ಬರುವವರೆಗೆ ಎಬ್ಬಿಸಲಿಲ್ಲ.